ಅಮ್ಮನ ಕಿವಿಗೆ ಏಳು ರಾತ್ರಿಯ ಸಿನಿಮಾ

ಗ್ಲಾಕೋಮಾದಿಂದ ಅಮ್ಮನ ದೃಷ್ಟಿ ಪೂರ್ತಿಯಾಗಿ ಹೋಗಿ ಎರಡು ವರ್ಷವಾಯಿತು. ರೇಡಿಯೊ, ಯಕ್ಷಗಾನದ ಧ್ವನಿಮುದ್ರಣಗಳು, ನಾನು ಓದಿ ಹೇಳುವ ಕಾದಂಬರಿಗಳು ಇವುಗಳಲ್ಲಿ ಅವಳ ಸಂಜೆಗಳು ಕಳೆಯುತ್ತಿದ್ದವು. ಕಳೆದ ದಸರಾ ರಜೆಗೆ ನಾನು ಸಾಗರದ ಮನೆಗೆ ಹೋದ ದಿನವೇ, "ಒಂದು ಸಿನಿಮಾ ಹಾಕೇ, ಕಾಣೋದನ್ನ ನೀನು ಹೇಳ್ತಾ ಹೋಗು" ಎಂದು ಕೇಳಿದಳು. ಹೀಗೆ ಶುರುವಾದದ್ದು ಏಳು ರಾತ್ರಿ ನಡೆಯಿತು. ಆ ವಾರದಲ್ಲಿ ನೋಡಿದ ಆರು ಚಿತ್ರಗಳ ಬಗ್ಗೆ ನನಗೆ ಅನ್ನಿಸಿದ್ದನ್ನೂ, ಕಣ್ಣು ಕಾಣದವರಿಗೆ ಸಿನಿಮಾ ಹೇಳುವುದನ್ನು ನಾನು ಕಲಿತುಕೊಂಡ ರೀತಿಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ರಾತ್ರಿ ಬಿ. ವಿ. ಕಾರಂತರ 'ಚೋಮನ ದುಡಿ' ಹಾಕಿದೆ. ಶಿವರಾಮ ಕಾರಂತರ ಕಾದಂಬರಿಯನ್ನು ಅಮ್ಮ ಹಿಂದೆಯೇ ಓದಿದ್ದರಿಂದ ಕತೆ ಹಿಡಿಯಲು ಕಷ್ಟವಾಗದು ಎಂಬುದು ನನ್ನ ಲೆಕ್ಕವಾಗಿತ್ತು. ಆದರೆ ನಾನು ಉತ್ಸಾಹದಲ್ಲಿ ಪ್ರತಿಯೊಂದನ್ನೂ ಹೇಳುತ್ತಾ ಹೋದೆ. ಚೋಮ ಎದ್ದ, ಚೋಮ ಕುಳಿತ, ಚೋಮನ ಮುಖದಲ್ಲಿ ಸಂಕಟವಿದೆ ಎಂದು ವಿವರಿಸುತ್ತಲೇ ಇದ್ದೆ. ಉಳಲು ಎತ್ತುಗಳಿದ್ದೂ ನೆಲವಿಲ್ಲದ ಆ ಮನುಷ್ಯ ತನ್ನ ಹಸಿವು, ಸಾಲ, ಮಕ್ಕಳ ಸಾವು ಎಲ್ಲವನ್ನೂ ದುಡಿಯ ಮೇಲೆ ಬಾರಿಸುತ್ತಿರುವಾಗಲೂ ನನ್ನ ಬಾಯಿ ನಿಂತಿರಲಿಲ್ಲ. "ಸುಮ್ಮನಿರೇ ಮಾರಾಯ್ತಿ, ದುಡಿ ಕೇಳ್ಲಿ" ಎಂದು ಅಮ್ಮ ನನ್ನ ಮಂಡಿಯ ಮೇಲೆ ಕೈಯಿಟ್ಟಳು. ಆ ಚಿತ್ರವನ್ನು ನಾನು ಹಿಂದೆ ಎರಡು ಸಲ ನೋಡಿದ್ದರೂ, ಆ ಪೆಟ್ಟುಗಳನ್ನು ಕಣ್ಣು ಮುಚ್ಚಿ ಕೇಳಿದ್ದು ಅಂದೇ ಮೊದಲು. ಎಂ. ವಿ. ವಾಸುದೇವರಾವ್ ಅವರಿಗೆ ಈ ಪಾತ್ರಕ್ಕಾಗಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತೆಂದು ಓದಿ ತಿಳಿದಿದ್ದೆ. ಅದು ಎಷ್ಟು ಸಲ್ಲುವಂಥದ್ದೆಂಬುದು ಅಂದು ಮನಸ್ಸಿಗೆ ಬಂತು.

ಮರುದಿನದಿಂದ ಕ್ರಮ ಬದಲಾಯಿಸಿದೆ. ಅಮ್ಮ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಅಂದಿನ ಚಿತ್ರವನ್ನು ನಾನೊಬ್ಬಳೇ ನೋಡಿ, ಮಾತಿಲ್ಲದ ಜಾಗಗಳು ಎಷ್ಟನೇ ನಿಮಿಷದಲ್ಲಿ ಬರುತ್ತವೆ, ಎಷ್ಟು ಹೊತ್ತು ಇರುತ್ತವೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಟಿ.ವಿ.ಯ ಧ್ವನಿ ತೆಳುವಾಗಿದ್ದುದರಿಂದ ಬೇರೆ ಸ್ಪೀಕರನ್ನು ಅವಳ ಕುರ್ಚಿಯ ಬಳಿಯ ಸ್ಟೂಲಿನ ಮೇಲೆ ಇಟ್ಟೆ. ಅವಳಿಗೆ ಎಡಗಿವಿ ಚುರುಕಾಗಿರುವುದರಿಂದ ಆ ಕಡೆಗೇ ಕುಳಿತೆ. ಕಾಣುವುದನ್ನು ಮಾತ್ರ ಹೇಳಬೇಕು, ಅದರ ಭಾವವನ್ನು ನಾನು ಹೇಳಬಾರದು ಎಂದು ನಿರ್ಧರಿಸಿಕೊಂಡೆ. 'ದುಃಖದಿಂದ ನಿಂತಿದ್ದಾಳೆ' ಎಂಬ ಮಾತಿಗಿಂತ 'ಕಂಬ ಹಿಡಿದು ನಿಂತಿದ್ದಾಳೆ' ಎಂಬ ಮಾತು ಅವಳಿಗೆ ಹೆಚ್ಚು ತೋರಿಸುತ್ತದೆ.

ಎರಡನೆಯ ರಾತ್ರಿಯ ಚಿತ್ರ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'. ಅನಂತಮೂರ್ತಿಯವರ ಕತೆಯನ್ನಾಧರಿಸಿದ, 1977ರ ಕಪ್ಪು ಬಿಳುಪಿನ ಚಿತ್ರ. ವೇದಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ ಯಮುನೆಯೆಂಬ ವಿಧವೆಯ ಬದುಕು ಒಡೆದುಹೋಗುವುದನ್ನು ನಾವು ನೋಡುತ್ತೇವೆ. ನಾನು ಮತ್ತೊಬ್ಬರ ಕಣ್ಣಾಗಿ ಕುಳಿತಿದ್ದುದರಿಂದ ಆ ಹುಡುಗನ ಇಕ್ಕಟ್ಟು ನನಗೆ ಹಿಂದೆಂದಿಗಿಂತ ಹತ್ತಿರವಾಗಿ ಕಂಡಿತು. ಅವನಿಗೆ ಕಾಣುವುದೆಲ್ಲ ಅರ್ಥವಾಗುವುದಿಲ್ಲ, ಅರ್ಥವಾದಷ್ಟನ್ನು ಹೇಳುವ ಹಾಗೂ ಇಲ್ಲ. ನಡುವೆ ಅಮ್ಮ, "ಅವಳ ಸೀರೆ ಬಿಳಿಯಾ, ಕೆಂಪಾ?" ಎಂದು ಕೇಳಿದಳು. ಕಪ್ಪು ಬಿಳುಪಿನಲ್ಲಿ ಗೊತ್ತಾಗುವುದಿಲ್ಲ ಎಂದೆ. "ನಮ್ಮ ಅಜ್ಜಿ ಉಡ್ತಿದ್ದದ್ದು ಕೆಂಪು. ನಾನು ಕೆಂಪು ಅಂತ ಇಟ್ಕೋತೀನಿ" ಎಂದಳು. ಕೊನೆಯ ದೃಶ್ಯಕ್ಕೆ ನಾನು ಎರಡೇ ವಾಕ್ಯಗಳನ್ನು ಬರೆದಿಟ್ಟುಕೊಂಡಿದ್ದೆ: ಯಮುನೆ ಮರದಡಿ ಕುಳಿತಿದ್ದಾಳೆ, ತಲೆ ಬೋಳಿಸಿದ್ದಾರೆ. ಅಷ್ಟು ಹೇಳಿ ಸುಮ್ಮನಾದೆ. "ಹತ್ತಿರ ಯಾರಾದರೂ ಇದ್ದಾರಾ?" ಎಂದಳು. ಯಾರೂ ಇಲ್ಲ ಎಂದೆ. ಕನ್ನಡದಲ್ಲಿ ನಾನು ನೋಡಿದ ಚಿತ್ರಗಳಲ್ಲಿ ಇದಕ್ಕಿಂತ ಗಟ್ಟಿಯಾದ ಮುಕ್ತಾಯ ಇನ್ನೊಂದಿಲ್ಲ ಎಂಬ ನನ್ನ ಅಭಿಪ್ರಾಯ ಅಂದು ಮತ್ತಷ್ಟು ಬಲವಾಯಿತು.

'ತಬರನ ಕಥೆ'ಗೆ ಎರಡು ರಾತ್ರಿ ಬೇಕಾಯಿತು. ತೇಜಸ್ವಿಯವರ ಕತೆಯ ಈ ತಬರ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದರೆ, ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಿರುತ್ತದೆ. ಅಪ್ಪ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಗಾಗಿ ಹದಿನಾಲ್ಕು ತಿಂಗಳು ಒಂದು ಕಚೇರಿಯ ಬೆಂಚಿನ ಮೇಲೆ ಕುಳಿತು ಕಾದವಳು ಅಮ್ಮ. ಅರ್ಧದಲ್ಲಿ, "ಇವತ್ತಿಗೆ ಸಾಕು, ನಾಳೆ ನೋಡೋಣ" ಎಂದು ಎದ್ದುಬಿಟ್ಟಳು. ಮರುದಿನ ಅವಳಾಗಿಯೇ ಕೇಳಿ ಹಾಕಿಸಿಕೊಂಡಳು. ಚಾರುಹಾಸನ್ ಅವರ ಅಭಿನಯವನ್ನು ವಿವರಿಸುವುದು ನನಗೆ ಬಹಳ ಕಷ್ಟವಾಯಿತು, ಏಕೆಂದರೆ ಅವರು ಮಾತಿಗಿಂತ ಹೆಚ್ಚಾಗಿ ನಿಲ್ಲುವ ರೀತಿಯಲ್ಲಿ, ಸಾಹೇಬರ ಮುಂದೆ ಮೈಯನ್ನು ಕುಗ್ಗಿಸಿಕೊಳ್ಳುವ ರೀತಿಯಲ್ಲಿ ನಟಿಸುತ್ತಾರೆ. ಕೊನೆಗೆ ನಾನೇ ಎದ್ದು ಹಾಗೆ ನಿಂತು, ಅಮ್ಮನ ಕೈಯನ್ನು ನನ್ನ ಹೆಗಲ ಮೇಲೆ ಇರಿಸಿಕೊಂಡೆ. "ಗೊತ್ತಾಯ್ತು" ಎಂದಳು.

ಪುಟ್ಟಣ್ಣ ಕಣಗಾಲರ 'ನಾಗರಹಾವು' ಹಾಕಿದ ರಾತ್ರಿ ನನಗೆ ಕೆಲಸವೇ ಇರಲಿಲ್ಲ. 1972ರ ಈ ಚಿತ್ರವನ್ನು ಅಮ್ಮ ಮದುವೆಗೆ ಮುಂಚೆ ಟಾಕೀಸಿನಲ್ಲಿ ನೋಡಿದ್ದಳು, ಅದೂ ಮೂರು ಸಲ. ನಿಧಾನಗತಿಯಲ್ಲಿ ಚಿತ್ರಿಸಿದ ಹಾಡು ಬಂದಾಗ ಅವಳೇ ಕೈಯನ್ನು ಗಾಳಿಯಲ್ಲಿ ತೇಲಿಸಿ ತೋರಿಸಿದಳು. ಓಬವ್ವ ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ಲುವುದನ್ನು ತೆರೆಯ ಮೇಲೆ ಬರುವುದಕ್ಕೆ ಮೊದಲೇ ಹೇಳಿದಳು. ಐವತ್ತು ವರ್ಷ ಒಳಗೆ ಉಳಿದಿದ್ದ ಆ ಬಣ್ಣಗಳನ್ನು ಅವಳ ಬಾಯಿಂದ ಕೇಳುವುದು ನನಗೆ ದೊಡ್ಡ ಸಂತೋಷವಾಗಿತ್ತು. ರಾಮಾಚಾರಿಗಾಗಿ ಅತ್ತವಳಿಗೆ ಈಗ ಚಾಮಯ್ಯ ಮೇಷ್ಟ್ರ ಮೇಲೆ ಸಿಟ್ಟು ಬಂತು. ಪ್ರೀತಿಯ ಹೆಸರಿನಲ್ಲಿ ಹುಡುಗನ ಇಷ್ಟವನ್ನು ಬಿಟ್ಟುಕೊಡುವಂತೆ ಮಾಡಿದರಲ್ಲ ಎಂಬುದು ಅವಳ ತಕರಾರು. ನನಗೂ ಅದು ಸರಿಯೆನ್ನಿಸಿತು.

ಆರನೆಯ ರಾತ್ರಿಯ 'ತಿಥಿ'ಗೆ ವಿವರಣೆ ಬೇಕಾದದ್ದು ಬಹಳ ಕಡಿಮೆ. ರಾಮ್ ರೆಡ್ಡಿಯವರು ಮಂಡ್ಯದ ಹಳ್ಳಿಯ ಜನರಿಂದಲೇ ಮಾಡಿಸಿದ ಈ ಚಿತ್ರ ಆ ಸೀಮೆಯ ಮಾತಿನ ಮೇಲೆಯೇ ನಡೆಯುತ್ತದೆ. ಸೆಂಚುರಿ ಗೌಡರ ಬೈಗುಳಕ್ಕೆ ಅಮ್ಮ ಮನಸಾರೆ ನಕ್ಕಳು.

ಕೊನೆಯ ರಾತ್ರಿಗೆ 'ದ್ವೀಪ'ವನ್ನು ಉಳಿಸಿಕೊಂಡಿದ್ದೆ, ಮತ್ತು ಅದಕ್ಕೆ ಹೆದರಿದ್ದೆ. ನಾ. ಡಿಸೋಜರ ಕಾದಂಬರಿಯಿಂದ ಕಾಸರವಳ್ಳಿಯವರು 2002ರಲ್ಲಿ ಮಾಡಿದ, ಸೌಂದರ್ಯ ನಿರ್ಮಿಸಿ ನಟಿಸಿದ ಈ ಚಿತ್ರ ಅಣೆಕಟ್ಟಿನ ನೀರು ಏರುತ್ತಿದ್ದರೂ ಮನೆ ಬಿಡದ ಒಂದು ಕುಟುಂಬದ ಕತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಮುಳುಗಡೆಯಾದ ಶರಾವತಿ ಕಣಿವೆಯ ಊರುಗಳಲ್ಲಿ ಅಮ್ಮನ ತವರೂ ಒಂದು. ಮನೆಯ ಬಾಗಿಲು, ಕಿಟಕಿ, ತೊಲೆಗಳನ್ನು ಕಿತ್ತು ಗಾಡಿಗೆ ಹೇರಿದಾಗ ಅವಳಿಗೆ ಹನ್ನೆರಡು ವರ್ಷ.

ಶುರುವಿನಲ್ಲೇ ದುಗ್ಗಜ್ಜನ ಮಾತು ಕೇಳಿ, "ಇದು ಚೋಮನ ದನಿ ಅಲ್ವಾ?" ಎಂದಳು. ಹೌದು, ವಾಸುದೇವರಾವ್ ಅವರೇ. ನಡುವೆ ಇಪ್ಪತ್ತೇಳು ವರ್ಷದ ಅಂತರವಿದ್ದರೂ ಆ ದನಿಯನ್ನು ಅವಳು ಹಿಡಿದಳು, ಮಧ್ಯಾಹ್ನ ಮುಖ ನೋಡಿದಾಗ ನನಗೆ ಹೊಳೆದಿರಲಿಲ್ಲ. ಮಳೆ ಹಿಡಿದ ಮೇಲೆ ನಾನು ನೋಟ್‌ಬುಕ್ಕನ್ನು ಮುಚ್ಚಿಟ್ಟೆ. ನೀರು ಎಲ್ಲಿಗೆ ಬಂತೆಂದು ಅವಳು ಕೇಳಿದಾಗ ಮಾತ್ರ, ಅಂಗಳಕ್ಕೆ ಬಂತು, ಮೆಟ್ಟಿಲಿಗೆ ಬಂತು ಎಂದು ಹೇಳಿದೆ. ನಾಗಿಯ ಧೈರ್ಯದಿಂದ ಮನೆ ಉಳಿದ ಮೇಲೂ ಗಂಡ ಗಣಪ ಅದನ್ನೆಲ್ಲ ದೇವರ ಕೃಪೆಯೆಂದು ನಂಬುತ್ತಾನೆ. ಆ ಮಾತು ಬಂದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮನೇಲೂ ತೊಲೆ ಇಳಿಸಿದ್ದು ಅಮ್ಮನೇ. ಅಪ್ಪಯ್ಯ ಹೊಳೆ ದಂಡೇಲಿ ಕೂತಿದ್ರು" ಎಂದಳು. ಈ ಸಂಗತಿಯನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಚಿತ್ರ ಮುಗಿದ ಮೇಲೆ ಮಳೆಯ ಭಾಗವನ್ನು ಇನ್ನೊಮ್ಮೆ ಹಾಕು ಎಂದಳು. ಹಾಕಿ, ದೀಪ ಆರಿಸಿ, ಅವಳ ಎಡಗಡೆ ಕುಳಿತೆ.