ಮೌಸ್ ತಂದರೆ ಸೆರಗು ಮಿನುಗದಿರಲು
ಬಾಗಲಕೋಟೆಯಲ್ಲಿ ವೆಬ್ ವಿನ್ಯಾಸ ಕಲಿಯಲು ಬರುವವರಿಗೆ ನಾನು ಮೊದಲು ಕೊಡುವ ಅಭ್ಯಾಸ ಇಳಕಲ್ ಸೀರೆಗಳ ಪುಟದ್ದು. ಸೀರೆಯ ಕಾರ್ಡಿನ (ಒಂದು ಸೀರೆಯ ವಿವರವಿರುವ ಚೌಕದ) ಮೇಲೆ ಮೌಸ್ ತಂದರೆ ಟೋಪ್ ತೆನಿ ಎಂಬ ಇಳಕಲ್‌ನ ವಿಶಿಷ್ಟ ಸೆರಗಿನ ಚಿತ್ರ ಮೂಡಬೇಕು, ಆಚೆ ಸರಿಸಿದರೆ ಮರೆಯಾಗಬೇಕು. ಇಷ್ಟು ಸರಳ ಕೆಲಸದಲ್ಲಿಯೂ ಬಹುತೇಕರ ಸೆರಗು ಪಟಪಟನೆ ಮಿನುಗತೊಡಗುತ್ತದೆ.

ಮೊದಲ ಹಂತದಲ್ಲಿ, ಜಾವಾಸ್ಕ್ರಿಪ್ಟ್ ಬರೆಯುವುದನ್ನು ಸುಲಭ ಮಾಡುವ ಸಿದ್ಧ ಕೋಡಿನ ಸಂಗ್ರಹವಾದ ಜೆಕ್ವೆರಿಯ ಕಡತವನ್ನು ನಿಮ್ಮ ಸ್ಕ್ರಿಪ್ಟಿಗಿಂತ ಮೊದಲು ಜೋಡಿಸಿ, ಕೋಡನ್ನು, ಪುಟ ಸಿದ್ಧವಾದ ಮೇಲೆ ನಡೆಯುವ ರೆಡಿ ಫಂಕ್ಷನ್ನಿನೊಳಗೆ ಬರೆಯಿರಿ.

ಎರಡನೆಯ ಹಂತ ಇವೆಂಟಿನ (ಮೌಸ್ ಬಂದದ್ದು, ಹೋದದ್ದನ್ನು ಬ್ರೌಸರ್ ತಿಳಿಸುವ ಸೂಚನೆಯ) ಆಯ್ಕೆ, ತೊಡಕಿರುವುದು ಇಲ್ಲಿಯೇ. ಕಾರ್ಡಿಗೆ ಮೌಸ್‌ಓವರ್ ಮತ್ತು ಮೌಸ್‌ಔಟ್ ಕಟ್ಟಿ, ಮೊದಲನೆಯದಕ್ಕೆ ಸೆರಗನ್ನು ತೋರಿಸಲು, ಎರಡನೆಯದಕ್ಕೆ ಮರೆಮಾಡಲು ಹೇಳಿದ್ದೀರಿ ಎಂದುಕೊಳ್ಳಿ. ಕಾರ್ಡಿನೊಳಗೆ ಸೀರೆಯ ಚಿತ್ರವೂ ಬೆಲೆಯೂ ಇರುತ್ತವೆ. ಮೌಸ್ ಚಿತ್ರದಿಂದ ಬೆಲೆಯ ಕಡೆಗೆ ಸರಿದಾಗ ಅದು ಕಾರ್ಡನ್ನು ಬಿಟ್ಟಿರುವುದಿಲ್ಲ. ಆದರೂ ಚಿತ್ರದ ಮೌಸ್‌ಔಟ್ ಮೇಲೇರಿ, ಅಂದರೆ ತನ್ನನ್ನು ಹೊತ್ತ ಹೊರಗಿನ ಭಾಗಕ್ಕೆ ದಾಟಿ, ಕಾರ್ಡನ್ನು ತಲುಪಿ ಸೆರಗನ್ನು ಮರೆಮಾಡುತ್ತದೆ, ಅದರ ಬೆನ್ನಿಗೇ ಬೆಲೆಯ ಮೌಸ್‌ಓವರ್ ಮೇಲೇರಿ ಮತ್ತೆ ತೋರಿಸುತ್ತದೆ. ಫೇಡ್‌ಇನ್, ಫೇಡ್‌ಔಟ್ ಎಂಬ ನಿಧಾನವಾಗಿ ತೋರಿಸುವ, ಮರೆಸುವ ಆಜ್ಞೆಗಳನ್ನು ಬಳಸಿದ್ದರೆ ಇವೆಲ್ಲ ಸರದಿಯಲ್ಲಿ ನಿಂತು, ಮೌಸ್ ಹೋದ ಮೇಲೂ ಸೆರಗು ಆಡುತ್ತಲೇ ಇರುತ್ತದೆ. ಇದಕ್ಕೆ ಸೆಟ್‌ಟೈಮ್‌ಔಟ್ (ಕೆಲಸವನ್ನು ತಡಮಾಡಿಸುವ ಆಜ್ಞೆ) ಹಾಕಿ ತೇಪೆ ಹಚ್ಚುವವರಿದ್ದಾರೆ. ಆ ದಾರಿ ಬೇಡವೇ ಬೇಡ. ಮೌಸ್‌ಎಂಟರ್ ಮತ್ತು ಮೌಸ್‌ಲೀವ್ ಬಳಸಿರಿ. ಕಾರ್ಡಿನ ಒಳಗೆ ಮೌಸ್ ಎಲ್ಲಿ ತಿರುಗಿದರೂ ಅವು ಅಲುಗುವುದಿಲ್ಲ, ಗಡಿ ದಾಟಿದಾಗ ಮಾತ್ರ ನಡೆಯುತ್ತವೆ. ಪ್ರತಿ ಫೇಡ್‌ಗೆ ಮುನ್ನ ನಡೆಯುತ್ತಿರುವ ಫೇಡನ್ನು ನಿಲ್ಲಿಸುವ ಸ್ಟಾಪ್ ಕರೆದು, ಅದರ ಎರಡೂ ಸ್ಥಾನಗಳಲ್ಲಿ ಟ್ರೂ ಕೊಟ್ಟರೆ ಹಳೆಯ ಸರದಿ ಖಾಲಿಯಾಗುತ್ತದೆ.

‘ಇನ್ನಷ್ಟು ತೋರಿಸಿ’ ಒತ್ತಿದ ಮೇಲೆ ಬರುವ ಕಾರ್ಡುಗಳಿಗೆ ಸೆರಗನ್ನು ತೋರಿಸುವ ಈ ಫಂಕ್ಷನ್ ತಾನಾಗಿ ಅಂಟುವುದಿಲ್ಲ. ಆದುದರಿಂದ ಕಾರ್ಡುಗಳೆಲ್ಲವನ್ನೂ ಹೊತ್ತ ಹೊರಗಿನ ಡಿವ್ (ಪುಟದ ಒಂದು ಚೌಕಟ್ಟು) ಮೇಲೆ, ಇವೆಂಟನ್ನು ಕಟ್ಟುವ ಆನ್ ಕರೆದು, ಇವೆಂಟಿನ ಹೆಸರು, ಕಾರ್ಡಿನ ಕ್ಲಾಸು, ಫಂಕ್ಷನ್ ಎಂಬ ಕ್ರಮದಲ್ಲಿ ಕೊಡಿರಿ. ಬರಿಯ ಜಾವಾಸ್ಕ್ರಿಪ್ಟಿನಲ್ಲಿ ಮೌಸ್‌ಎಂಟರ್ ಮೇಲೇರುವುದೇ ಇಲ್ಲವಾದ್ದರಿಂದ ಹೀಗೆ ಹೊರಗಿನಿಂದ ಹಿಡಿಯಲಾಗದು. ಜೆಕ್ವೆರಿ ಒಳಗೊಳಗೆ ಮೌಸ್‌ಓವರನ್ನೇ ಗಮನಿಸಿ, ಮೌಸ್ ಯಾವ ಎಲಿಮೆಂಟಿನಿಂದ ಬಂತು ಎಂಬುದನ್ನು ನೋಡಿ ಈ ಅನುಕೂಲ ಒದಗಿಸುತ್ತದೆ. ಹಳೆಯ ಕೋಡಿನಿಂದ ಇದೇ ಬಗೆಯ ಕೆಲಸಕ್ಕಿದ್ದ ಲೈವ್ ಎಂಬುದನ್ನು ನಕಲು ಮಾಡಬೇಡಿರಿ, ಜೆಕ್ವೆರಿಯ 1.9ನೆಯ ಆವೃತ್ತಿಯಲ್ಲಿಯೇ ಅದನ್ನು ಕಿತ್ತುಹಾಕಲಾಗಿದೆ. ಫಂಕ್ಷನ್ನಿನೊಳಗೆ ಟಾರ್ಗೆಟ್ (ಇವೆಂಟು ಹುಟ್ಟಿದ ಜಾಗ) ಬಳಸಿದರೆ ಕಾರ್ಡಿನ ಬದಲು ಒಳಗಿನ ಚಿತ್ರ ಕೈಗೆ ಸಿಗಬಹುದು; ಕಾರ್ಡನ್ನೇ ಸೂಚಿಸುವ ದಿಸ್ ಬಳಸುವುದೇ ಸರಿ.

ಫೋನಿನಲ್ಲಿ ಮೌಸ್ ಇಲ್ಲದ ಕಾರಣ ಸೆರಗನ್ನು ಕ್ಲಿಕ್ಕಿಗೂ ಕಟ್ಟಿರಿ, ಆದರೆ ತೆರೆದಿದ್ದರೆ ಮುಚ್ಚುವ, ಮುಚ್ಚಿದ್ದರೆ ತೆರೆಯುವ ಟಾಗಲ್ ಬಳಸಬೇಡಿರಿ. ಬೆರಳು ಮುಟ್ಟಿದಾಗ ಸಾಮಾನ್ಯವಾಗಿ ಬ್ರೌಸರ್ ಮೊದಲು ಮೌಸ್‌ನ ಇವೆಂಟುಗಳನ್ನೂ ಆಮೇಲೆ ಕ್ಲಿಕ್ಕನ್ನೂ ಕಳುಹಿಸುವುದರಿಂದ, ಆಗಷ್ಟೇ ತೆರೆದ ಸೆರಗನ್ನು ಟಾಗಲ್ ಅಲ್ಲಿಯೇ ಮುಚ್ಚಿಬಿಡುತ್ತದೆ.