ತಾಳಮದ್ದಳೆಗೆ ಕುಳಿತ ಶೈಲಾಕ್

ಹತ್ತನೆಯ ತರಗತಿಯ ಇಂಗ್ಲಿಷ್ ಪದ್ಯ 'ಕ್ವಾಲಿಟಿ ಆಫ್ ಮರ್ಸಿ'ಗೆ, ಅಂದರೆ ಶೇಕ್ಸ್‌ಪಿಯರನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲಿ ಸಾಲ ಕೊಟ್ಟ ಶೈಲಾಕನಿಗೆ ಕರುಣೆ ತೋರು ಎಂದು ಪೋರ್ಷಿಯಾ ಹೇಳುವ ಮಾತಿಗೆ, ಎರಡು ವಾರ ಬೇಕು ಎಂದಾಗ ಸಿಬ್ಬಂದಿ ಕೋಣೆಯಲ್ಲಿ ನಗದವರು ಕಡಿಮೆ. "ನಾಲ್ಕು ಅಂಕದ ಬಾಯಿಪಾಠಕ್ಕೆ ಎರಡು ವಾರವೇ ಮಾಸ್ತರೇ? ಪಾಸಿಂಗ್ ಪ್ಯಾಕೇಜ್ ಮಾಡಿಸಿ, ಹುಡುಗರು ದಡ ಸೇರಲಿ" ಎಂದರು ಮುಖ್ಯೋಪಾಧ್ಯಾಯರು. ಈಗ ಅವರೇ ವಾರ್ಷಿಕೋತ್ಸವಕ್ಕೆ ನನ್ನ ಮಕ್ಕಳ ಅರ್ಧ ಗಂಟೆಯ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಬೇಕೆಂದು ಕೇಳುತ್ತಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ನಮ್ಮದು ಶಿರಸಿ ಕಡೆಯ ಕನ್ನಡ ಮಾಧ್ಯಮದ ಶಾಲೆ. ಮೊದಲ ವರ್ಷ ಪ್ರೊಜೆಕ್ಟರ್ ಬಾಡಿಗೆಗೆ ತಂದು ಸಿನಿಮಾ ತೋರಿಸಿದೆ. ಸುಮಾರು ಒಂದೂವರೆ ಸಾವಿರ ಹೋಯಿತು. ಮಕ್ಕಳಿಗೆ ನೆನಪುಳಿದದ್ದು ಬಟ್ಟೆಗಳ ಬಣ್ಣ ಮಾತ್ರ. ಮರುವರ್ಷ ನಾಟಕ. ಉಡುಪು, ಗಾಡಿ, ತಿಂಡಿ ಸೇರಿ ಆರು ಸಾವಿರದ ಹತ್ತಿರ; ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯವರು ಒಂದಿಷ್ಟು ಕೊಟ್ಟರು, ಉಳಿದದ್ದು ನನ್ನ ಸಂಬಳದಿಂದ. ಮಾತುಗಳನ್ನೆಲ್ಲ ಉರು ಹೊಡೆಸಿದ್ದೆ. ಸಾಲಗಾರ ಆಂಟೋನಿಯೋ ಆದವನು ಒಂದು ಶಬ್ದ ಮರೆತ, ಇಡೀ ನ್ಯಾಯಾಲಯ ಬಾಯಿ ಮುಚ್ಚಿತು. ಉರು ಹೊಡೆದದ್ದರ ಆಚೆಗೆ ಒಂದು ವಾಕ್ಯ ಆಡಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಇದೇ ಮಕ್ಕಳು ವಾಲಿವಧೆ ಕೇಳುತ್ತ ಬೆಳೆದವರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ರಾಮನನ್ನು ಕೇಳುವಲ್ಲಿ ಕಿವಿ ನೆಟ್ಟಗೆ ಮಾಡುವವರು. ನಾಟಕದ ನಾಲ್ಕನೆಯ ಅಂಕದ ವಿಚಾರಣೆಯೂ ಅಂಥದೇ ಪ್ರಸಂಗವಲ್ಲವೇ? ವೇಷ, ರಂಗಸ್ಥಳ ಎಲ್ಲ ಬಿಟ್ಟು ಜಮಖಾನ ಹಾಸಿ ತಾಳಮದ್ದಳೆಗೆ ಕೂರಿಸಿದೆ.

ಪದ ಹೇಳುವ ಭಾಗವತ ಮೂಲದ ಎರಡು ಮೂರು ಸಾಲು ಹೇಳುತ್ತಾನೆ, ಪಾತ್ರವಾಗಿ ಕುಳಿತ ಅರ್ಥಧಾರಿ ಅರ್ಥ ಹೇಳುತ್ತಾನೆ. ಮೊದಲ ಸುತ್ತು ಕನ್ನಡದಲ್ಲಿ, ಮನಸ್ಸು ತಣಿಯುವಷ್ಟು. ಎರಡನೆಯದು ಇಂಗ್ಲಿಷಿನಲ್ಲಿ, ಸ್ವಂತ ಮಾತಿನಲ್ಲಿ. ವಾಕ್ಯಕ್ಕೆ ಆರು ಶಬ್ದ ಮೀರುವಂತಿಲ್ಲ. ಎದುರಾಳಿ ಆಡಿದ ಮಾತಿಗೇ ಉತ್ತರ ಕೊಡಬೇಕು, ಮನೆಯಲ್ಲಿ ಕಟ್ಟಿಕೊಂಡು ಬಂದದ್ದಕ್ಕೆ ಬೆಲೆಯಿಲ್ಲ. ಕೈಯಲ್ಲಿ ಅರ್ಧ ಹಾಳೆ ಮಾತ್ರ: ಗೆಳೆಯ ಬಸ್ಸಾನಿಯೋಗಾಗಿ ಆಂಟೋನಿಯೋ ಶೈಲಾಕನಿಂದ ಪಡೆದ ಮೂರು ಸಾವಿರ ಡುಕಾಟ್ (ಚಿನ್ನದ ನಾಣ್ಯ) ಸಾಲ, ಮೂರು ತಿಂಗಳ ವಾಯಿದೆ, ತಪ್ಪಿದರೆ ಆಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ, ಈಗ ಬಸ್ಸಾನಿಯೋ ದುಪ್ಪಟ್ಟು ಕೊಡಲು ಸಿದ್ಧ. ವ್ಯಾಕರಣ ತಪ್ಪಿದರೆ ನಾನು ನಡುವೆ ಬಾಯಿ ಹಾಕುವುದಿಲ್ಲ. ಹಿಂದಿನ ಬೆಂಚಿನ ಮೂಕರನ್ನು ಎದುರಾಳಿಯಾಗಿ ಕೂರಿಸಲು ಒಂದು ಉಪಾಯವಿದೆ. ಅದನ್ನು ಇಲ್ಲಿ ಹೇಳುವುದಿಲ್ಲ, ತರಗತಿಗೆ ಬಂದು ನೋಡಿ.

ಶೈಲಾಕ್ ಆದವನು ಅಡಿಕೆ ತೋಟದ ಮನೆಯ ಹುಡುಗ, ಸಾಲ, ವಾಯಿದೆ, ಬಡ್ಡಿ ಅವನಿಗೆ ಹೊಸದಲ್ಲ. 'ನೀವು ಗುಲಾಮರನ್ನು ಕೊಂಡಿದ್ದೀರಿ, ಬಿಟ್ಟುಬಿಡಿ ಎಂದರೆ ಬಿಡುತ್ತೀರಾ?' ಎಂಬ ವಾದ ಮೂಲದಲ್ಲೇ ಇದೆ. ಅದನ್ನವನು ತನ್ನ ಮುರುಕು ಇಂಗ್ಲಿಷಿನಲ್ಲಿ ಎಷ್ಟು ಎಳೆದನೆಂದರೆ ತರಗತಿಯೆಲ್ಲ ಅವನ ಕಡೆಗೆ ವಾಲಿತು. ಪೋರ್ಷಿಯಾ ಆಗಿದ್ದ ಹುಡುಗಿಗೆ ಕರುಣೆಯ ಮಾತು ಕೈಕೊಟ್ಟಿತು. ಗಳಿಗೆ ಸುಮ್ಮನಿದ್ದು, "ಯು ವಾಂಟ್ ಲಾ? ಟೇಕ್ ಲಾ" ಎಂದಳು. ಮಾಂಸ ನಿನ್ನದು, ಆದರೆ ರಕ್ತದ ಮಾತು ಪತ್ರದಲ್ಲಿಲ್ಲ ಎಂಬಲ್ಲಿಗೆ ಅವಳೇ ದಾರಿ ಮಾಡಿಕೊಂಡಳು. ಎಷ್ಟೋ ವರ್ಷ ನೋಟ್ಸ್ ಬರೆಸಿಯೂ ನನಗೆ ಕೊಡಲಾಗದ ಪಾಠ ಅದು.

ಒಂದು ಹುಚ್ಚು ಪ್ರಯೋಗವೂ ಆಯಿತು. ಮೂಲದ ಸಾಲಿಗೆ ಹೆಚ್ಚುಕಡಿಮೆ ಹತ್ತು ಉಚ್ಚಾರಾಂಶ, ಝಂಪೆ ತಾಳಕ್ಕೂ ಹತ್ತು ಅಕ್ಷರಕಾಲ, ಸರಿಹೊಂದೀತೆಂದು ಹಾಡಿಸಿದೆ. ಇಂಗ್ಲಿಷ್ ಸಾಲು ಎರಡೆರಡಾಗಿ ನಡೆಯುತ್ತದೆ, ಝಂಪೆಯ ನಡೆ ಐದರದು. ಒತ್ತು ಬೀಳಬಾರದಲ್ಲೆಲ್ಲ ಬಿದ್ದು ಸಾಲಿನ ಜೀವವೇ ಹೋಯಿತು. ಈಗ ಭಾಗವತ ಹಾಡುವುದಿಲ್ಲ, ಓದುತ್ತಾನೆ. ವಾಕ್ಯ ಮುಗಿದಲ್ಲಿ ಮದ್ದಳೆಗೆ ಒಂದು ಪೆಟ್ಟು. ಪೂರ್ಣವಿರಾಮ ಎಲ್ಲಿ ಎಂಬುದು ಇದರಿಂದಲೇ ಮಕ್ಕಳಿಗೆ ಗೊತ್ತಾಯಿತು.

ಖರ್ಚು? ಮದ್ದಳೆ ದೇವಸ್ಥಾನದ್ದು. ಜೆರಾಕ್ಸ್, ಅವಲಕ್ಕಿ, ಚಹಾ ಸೇರಿ ಐನೂರು ದಾಟಿರಲಿಕ್ಕಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 80ಕ್ಕೆ, ಆಗ ಪಾಸಾಗಲು ಬೇಕಿದ್ದ 28 ಮುಟ್ಟಲು ಒದ್ದಾಡುತ್ತಿದ್ದ ಏಳೆಂಟು ಮಕ್ಕಳು ವಾರ್ಷಿಕ ಪರೀಕ್ಷೆಯಲ್ಲಿ 40ರ ಆಚೀಚೆ ಬಂದರು. ಏರಿದ್ದು ಪತ್ರ ಮತ್ತು ಪ್ರಬಂಧದಲ್ಲಿ, ಏಕೆಂದರೆ ಹಾಳೆ ಖಾಲಿ ಬಿಡುವುದನ್ನು ನಿಲ್ಲಿಸಿದ್ದರು. ವ್ಯಾಕರಣದ ಅಂಕ ಇದ್ದಲ್ಲೇ ಇದೆ, ಅದಕ್ಕೆ ಹಳೆಯ ಕಸರತ್ತೇ ಬೇಕು.

ಎಲ್ಲ ಪಾಠಕ್ಕೂ ಇದು ನಡೆಯುವುದಿಲ್ಲ. ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಪಾಠಕ್ಕೆ ಹೀಗೇ ಕೂರಿಸಿದೆ, ಐದು ನಿಮಿಷದಲ್ಲಿ ಪ್ರಸಂಗ ಮುಗಿಯಿತು. ಇವತ್ತು ಒಬ್ಬನೇ ಮಲಗು ಎಂದು ಅಪ್ಪ ಅಪ್ಪಣೆ ಮಾಡಿದ ಮೇಲೆ ಸ್ವಾಮಿಗೆ ವಾದಕ್ಕೆ ಜಾಗವೆಲ್ಲಿ? ಇಬ್ಬರ ಬಳಿಯೂ ನ್ಯಾಯ ಇರುವ ಪಾಠವನ್ನೇ ಆರಿಸಬೇಕು.

ಭಾಗವತ ಈಗ ಪಿಯುಸಿಯಲ್ಲಿದ್ದಾನೆ, ಶೈಲಾಕ್ ಕಾಮರ್ಸ್ ಸೇರಿದ. ಭಾಗವತಿಕೆಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸಿದ್ಧವಾಗುತ್ತಿದ್ದಾಳೆ. ಒಳ್ಳೆಯ ಎದುರಾಳಿಯನ್ನು ಇನ್ನೂ ಹುಡುಕುತ್ತಿದ್ದೇನೆ.