ಕಾಳು ಕೊನೆಗೆ, ನೀರು ಮೊದಲು: ಮನೆಯಂಗಳಕ್ಕೆ ಹಕ್ಕಿ ಬರುವಂತೆ ಮಾಡುವ ಬಗೆ

ಹಕ್ಕಿ ಬರಲಿ ಎಂದು ಹೆಚ್ಚಿನವರು ಮೊದಲು ಮಾಡುವ ಕೆಲಸ ತಾರಸಿ ಮೇಲೆ ಅರ್ಧ ಸೇರು ಅಕ್ಕಿ ಚೆಲ್ಲುವುದು. ವಾರದೊಳಗೆ ಹಕ್ಕಿ ಬರುವುದೇನೋ ನಿಜ, ಆದರೆ ಬರುವುದೆಲ್ಲ ಪಾರಿವಾಳ. ತಿಂಗಳು ಕಳೆಯುವಷ್ಟರಲ್ಲಿ ಸಜ್ಜಾ ಮೇಲೆ ಹಿಕ್ಕೆ, ಸಿಂಟೆಕ್ಸ್ ಟ್ಯಾಂಕಿನ ಮೇಲೆ ಹಿಕ್ಕೆ, ಪಕ್ಕದ ಮನೆಯವರ ಮುಖದಲ್ಲಿ ಗಂಟು. ಮೈಸೂರು, ಮಂಡ್ಯದ ಬಡಾವಣೆಗಳಲ್ಲಿ ಸುಲಭವಾಗಿ ಸಿಗುವ ಪಿಕಳಾರ (ಬುಲ್‌ಬುಲ್), ಮಕರಂದ ಹೀರುವ ಸೂರಕ್ಕಿ, ಎಲೆ ಹೊಲಿಯುವ ಟುವ್ವಿ, ಕಪ್ಪು-ಬಿಳುಪಿನ ಮಡಿವಾಳ, ಹಸಿರು ಮೈಯ ಕುಟ್ರು ಹಕ್ಕಿಗಳಿಗೆ ಅಕ್ಕಿಯ ಗೊಡವೆಯೇ ಇಲ್ಲ. ಅವು ಹುಡುಕುವುದು ಹಣ್ಣು, ಮಕರಂದ, ಹುಳು, ನೀರು, ಜೊತೆಗೆ ಬೆಕ್ಕಿನ ಕಣ್ಣಿಗೆ ಬೀಳದಂತೆ ಕೂರಲು ಒಂದು ಪೊದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಮನೆಗಳ ನಡುವಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಯಾರೂ ಮೇವು ಹಾಕಿ ಕರೆದದ್ದಲ್ಲ, ಊರವರು ಮರ ಕಡಿಯದೆ ಬಿಟ್ಟರು, ಅಷ್ಟೆ. ಮನೆಯಂಗಳದಲ್ಲೂ ಇದೇ ಲೆಕ್ಕ: ಮೊದಲು ನೀರು, ಆಮೇಲೆ ಗಿಡ, ಆಮೇಲೆ ಗೂಡು. ಕಾಳು ಬೇಕೇ ಬೇಕೆಂದಿದ್ದರೆ ಕಟ್ಟಕಡೆಗೆ.

ನೀರಿನ ತಟ್ಟೆ

12ರಿಂದ 14 ಇಂಚು ಅಗಲದ, ಒಳಗೆ ಬಣ್ಣವಾಗಲಿ ಮೆರುಗಾಗಲಿ ಬಳಿಯದ ಮಣ್ಣಿನ ತಟ್ಟೆ ತನ್ನಿ. ದೊಡ್ಡ ಹೂಕುಂಡದ ಅಡಿಗೆ ಇಡುವ ತಟ್ಟೆಯೂ ಆದೀತು. ಒಳಗಿನ ಆಳ ಎರಡು ಇಂಚು ದಾಟಬಾರದು. ಸೂರಕ್ಕಿ, ಟುವ್ವಿಗಳ ಕಾಲು ಗಿಡ್ಡ, ನೆಲ ಸಿಗದ ನೀರಿಗೆ ಅವು ಇಳಿಯುವುದಿಲ್ಲ. ಮನೆಯಲ್ಲಿರುವ ಪಾತ್ರೆ ಆಳವಾಗಿದ್ದರೆ ಒರಟು ಮೈಯ ಚಪ್ಪಟೆ ಕಲ್ಲೊಂದನ್ನು ನಡುವೆ ಇಡಿ, ಕಲ್ಲಿನ ಮೇಲೆ ಅರ್ಧ ಇಂಚು ನೀರು ನಿಲ್ಲುವಂತಿರಲಿ. ಸ್ಟೀಲು ಬೋಗುಣಿ ಬೇಡ. ಏಪ್ರಿಲ್ ಬಿಸಿಲಿಗೆ ಅದರ ಅಂಚು ಕಾದ ಕಾವಲಿಯಾಗುತ್ತದೆ, ಕಾಲೂ ಜಾರುತ್ತದೆ. ಹಗುರವಾದ ಪ್ಲಾಸ್ಟಿಕ್ಕಿನದಾದರೆ ಕಾಗೆ ಅಂಚಿನ ಮೇಲೆ ಕೂತ ಕೂಡಲೇ ಮಗುಚುತ್ತದೆ.

ಇಡುವ ಜಾಗ ಪಾತ್ರೆಗಿಂತ ಮುಖ್ಯ. ನೆಲದಿಂದ ಮೂರಡಿ ಎತ್ತರ, ಮಧ್ಯಾಹ್ನದ ಹೊತ್ತಿಗೆ ನೆರಳು, ಹತ್ತಿರದ ಪೊದೆಯಿಂದ ಆರೆಂಟು ಅಡಿ ದೂರ. ಪೊದೆಗೆ ಒತ್ತಿಕೊಂಡು ಇಟ್ಟರೆ ಬೆಕ್ಕು ಅದರೊಳಗೆ ಹೊಂಚು ಹಾಕಿ ಒಂದೇ ನೆಗೆತಕ್ಕೆ ಹಿಡಿಯುತ್ತದೆ. ತೀರಾ ಬಯಲಲ್ಲಿ ಇಟ್ಟರೆ ಒದ್ದೆ ರೆಕ್ಕೆಯ ಹಕ್ಕಿಗೆ ಹಾರಿ ಕೂರಲು ಕೊಂಬೆ ಇರುವುದಿಲ್ಲ. ಮೂರ್ನಾಲ್ಕು ಹಾಲೋ ಬ್ಲಾಕ್ ಒಂದರ ಮೇಲೊಂದು ಅಲುಗದಂತೆ ಪೇರಿಸಿದರೆ ಕಟ್ಟೆ ಸಿದ್ಧ.

ಬೆಳಿಗ್ಗೆ ನೀರು ಬದಲಿಸಿ, ಮಾರ್ಚಿನಿಂದ ಮೇವರೆಗೆ ಮಧ್ಯಾಹ್ನ ಇನ್ನೊಮ್ಮೆ. ಎರಡು ಮೂರು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಒಳಮೈ ಉಜ್ಜಿ. ನೀರು ಚೆಲ್ಲಿ ಮತ್ತೆ ತುಂಬಿದರೆ ಸಾಕು ಎಂದುಕೊಳ್ಳುವವರೇ ಜಾಸ್ತಿ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟದ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ಆ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಉಜ್ಜದೆ ಬಿಟ್ಟರೆ ಹಕ್ಕಿಯ ಹೆಸರಿನಲ್ಲಿ ಸೊಳ್ಳೆ ಸಾಕಿದಂತಾಗುತ್ತದೆ. ಸೋಪು ಹಾಕಬೇಡಿ, ಮಣ್ಣಿನ ಪಾತ್ರೆ ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಪಾಚಿ ಕಟ್ಟಿದರೆ ಚೆನ್ನಾಗಿ ಕೆರೆದು ತೊಳೆದು ಒಂದು ದಿನ ಬಿಸಿಲಿಗೆ ಬೋರಲು ಹಾಕಿ.

ಹೊಸ ತಟ್ಟೆಗೆ ಹಕ್ಕಿ ಇಳಿಯಲು ಎರಡು ಮೂರು ವಾರ ಹಿಡಿದೀತು. ಬರಲಿಲ್ಲವೆಂದು ದಿನಕ್ಕೊಂದು ಕಡೆ ಎತ್ತಿಡುವುದೇ ದೊಡ್ಡ ತಪ್ಪು. ಬೇಗ ಬರಬೇಕೆಂದರೆ ಹಳೆಯ ನೀರಿನ ಬಾಟಲಿಯ ತಳಕ್ಕೆ ಗುಂಡುಪಿನ್ನಿನಿಂದ ತೂತು ಮಾಡಿ ಮೇಲಿನ ಕೊಂಬೆಗೆ ಕಟ್ಟಿ. ಬಾಟಲಿಯ ಮುಚ್ಚಳ ಬಿಗಿ, ಸಡಿಲ ಮಾಡಿ ಎರಡು ಮೂರು ಸೆಕೆಂಡಿಗೊಂದು ಹನಿ ಬೀಳುವಂತೆ ಹೊಂದಿಸಿ. ಹನಿಯುವ ಸದ್ದು, ಅಲುಗುವ ನೀರು ಹಕ್ಕಿಯನ್ನು ದೂರದಿಂದಲೇ ಎಳೆಯುತ್ತದೆ. ಕಾಗೆಗೆ ಬೇರೆ ಅಗಲ ಪಾತ್ರೆ ತಾರಸಿಯಲ್ಲಿಟ್ಟುಬಿಡಿ. ಗಟ್ಟಿ ರೊಟ್ಟಿಯಿಂದ ಹಿಡಿದು ಕೋಳಿ ಮೂಳೆಯವರೆಗೆ ಸಿಕ್ಕಿದ್ದನ್ನೆಲ್ಲ ಅದು ನೀರಿನಲ್ಲಿ ನೆನೆಸಿ ತಿನ್ನುತ್ತದೆ. ಇನ್ನು ತೆರೆದ ಸಂಪು, ಅರ್ಧ ತುಂಬಿದ ಡ್ರಮ್ಮು: ನೀರು ಕುಡಿಯಲು ಬಗ್ಗಿ ಒಳಗೆ ಬಿದ್ದ ಹಕ್ಕಿಗೆ ನುಣುಪು ಗೋಡೆ ಹತ್ತಲಾಗುವುದಿಲ್ಲ. ಮುಚ್ಚಿಡಿ, ಆಗದಿದ್ದರೆ ಉದ್ದನೆ ಒರಟು ಕೋಲೊಂದನ್ನು ಓರೆಯಾಗಿ ಇಳಿಬಿಡಿ.

ಯಾವ ಗಿಡಕ್ಕೆ ಯಾವ ಹಕ್ಕಿ

30x40 ಸೈಟಿನಲ್ಲಿ ಮನೆ ಕಟ್ಟಿ ಉಳಿಯುವುದು ಮೂರಡಿ ಓಣಿ. ಅಷ್ಟರಲ್ಲಿ ಒಂದೇ ಒಂದು ಗಿಡಕ್ಕೆ ಜಾಗವಿದ್ದರೆ ಕರಿಬೇವು ಹಾಕಿ. ಒಗ್ಗರಣೆಗಾಯಿತು, ಅದರ ಕಪ್ಪು ಹಣ್ಣಿಗೆ ಪಿಕಳಾರ, ಕೋಗಿಲೆ ಬಂದವು, ಎಲೆ ಮೇಯುವ ಚಿಟ್ಟೆಹುಳು ಟುವ್ವಿ ಮರಿಗಳ ಹೊಟ್ಟೆಗೆ ಹೋಯಿತು. ಎಲೆಗಾಗಿ ಪದೇ ಪದೇ ಇಡೀ ಗಿಡ ಸವರಿದರೆ ಹೂವೂ ಇಲ್ಲ, ಹಣ್ಣೂ ಇಲ್ಲ. ಒಂದೆರಡು ರೆಂಬೆಯನ್ನಾದರೂ ಮುಟ್ಟದೆ ಬಿಡಿ.

ಸೂರಕ್ಕಿಗೆ ದಾಸವಾಳ, ಕೇಪಳ, ದಾಳಿಂಬೆ, ನುಗ್ಗೆ ಹೂ, ಬಾಳೆ ಮೂತಿ. ದಾಸವಾಳದಲ್ಲಿ ಐದೆಸಳಿನ ಹಳೆಯ ಕೆಂಪು ತಳಿಯೇ ಇರಲಿ. ಎಸಳು ಗಿಡಿದ ನರ್ಸರಿ ತಳಿಯಲ್ಲಿ ಮಕರಂದಕ್ಕೆ ದಾರಿ ಸಿಗುವುದು ಕಷ್ಟ. ಹೂವಿನ ಬುಡದಲ್ಲಿ, ಹಸಿರು ತೊಟ್ಟಿನ ಪಕ್ಕ ಸೂಜಿ ಚುಚ್ಚಿದಂತಹ ಸೀಳು ಕಂಡರೆ ರೋಗವೆಂದು ಹೆದರಬೇಡಿ. ಕೊಕ್ಕು ಒಳಗೆ ಎಟುಕದಿದ್ದಾಗ ಸೂರಕ್ಕಿ ಹೊರಗಿನಿಂದಲೇ ಕನ್ನ ಕೊರೆದು ಹೀರಿರುತ್ತದೆ. ಬಾಟಲಿಯಲ್ಲಿ ಸಕ್ಕರೆ ನೀರು ತೂಗುಹಾಕುವುದು ಬೇಡವೇ ಬೇಡ. ನಮ್ಮ ಬಿಸಿಲಿಗೆ ಅದು ಒಂದೇ ದಿನದಲ್ಲಿ ಹುಳಿಯುತ್ತದೆ, ಇರುವೆ ಮುತ್ತುತ್ತದೆ.

ಹಣ್ಣಿಗೆ ಸೀಬೆ, ಪರಂಗಿ, ಜಾಗವಿದ್ದರೆ ಅತ್ತಿ. ಪರಂಗಿಯಲ್ಲಿ ತುದಿಯ ಕಾಯಿಗೆ ದೋಟಿ ಹಾಕದೆ ಮರದಲ್ಲೇ ಹಣ್ಣಾಗಲು ಬಿಡಿ, ಕುಟ್ರು ಹಕ್ಕಿ ತಾನೇ ತೂತು ಕೊರೆದುಕೊಳ್ಳುತ್ತದೆ. ಬೇಗ ಫಲ ಬೇಕೆನ್ನುವವರು ಗಸಗಸೆ ಹಣ್ಣಿನ ಮರ ಹಾಕುತ್ತಾರೆ. ಎರಡು ವರ್ಷದೊಳಗೆ ಹಣ್ಣು ಬಿಡುತ್ತದೆ, ಬದನಿಕೆ ಹಕ್ಕಿ, ಪಿಕಳಾರ ದಿನವಿಡೀ ಇರುತ್ತವೆ. ರಾತ್ರಿ ಮಾತ್ರ ಬಾವಲಿಗಳ ಪಾಳಿ, ಆದ್ದರಿಂದ ಕಾರು ನಿಲ್ಲಿಸುವ ಕಡೆ ನೆಡಬೇಡಿ. ಮೆದು ಮರ, ಗಾಳಿಮಳೆಗೆ ಕೊಂಬೆ ಮುರಿಯುತ್ತದೆ, ಕರೆಂಟು ತಂತಿಯಿಂದ ದೂರವಿರಲಿ. ಲಂಟಾನಕ್ಕೂ ಹಕ್ಕಿ ಬರುತ್ತದೆ, ಆದರೆ ಅದನ್ನು ತರಲೇಬೇಡಿ. ಬಂಡೀಪುರ, ನಾಗರಹೊಳೆಯ ಕಾಡು ತುಂಬ ಹಬ್ಬಿ ಕೂತಿರುವ ಕಳೆ ಅದು, ಬೀಜ ಹರಡುವುದೂ ಹಕ್ಕಿಗಳೇ.

ಹೂವಿನ ಮಕರಂದ ಕುಡಿಯುವ ಸೂರಕ್ಕಿಯೂ ಮರಿಗೆ ಉಣಿಸುವುದು ಹುಳು, ಜೇಡ. ಹಾಗಾಗಿ ಕೀಟನಾಶಕ ಹೊಡೆದ ತೋಟದಲ್ಲಿ ಹೂವೆಷ್ಟಿದ್ದರೂ ಗೂಡು ಇರುವುದಿಲ್ಲ. ಹಿಟ್ಟು ತಿಗಣೆ ಬಂದರೆ ಪೈಪಿನ ನೀರು ಜೋರಾಗಿ ಬಿಡಿ, ಹೋಗದಿದ್ದರೆ ಆ ರೆಂಬೆ ಕತ್ತರಿಸಿ. ಕಾಂಪೌಂಡಿನ ಒಂದು ಮೂಲೆಯ ತರಗೆಲೆ ಗುಡಿಸದೆ ಬಿಟ್ಟರೆ ಗುಂಪಾಗಿ ಬರುವ ಹರಟೆಮಲ್ಲ ಹಕ್ಕಿಗಳು, ಮಡಿವಾಳ ಅದನ್ನು ಕೆದಕಿ ಮೇಯುತ್ತವೆ. ಮರಗಳಿರುವ ಹಳೆಯ ಬಡಾವಣೆಯಾದರೆ ಚಳಿಗಾಲದಲ್ಲಿ ವಲಸೆ ಬರುವ ಬಣ್ಣಬಣ್ಣದ ನವರಂಗ ಹಕ್ಕಿ ಸಿಕ್ಕರೂ ಸಿಗಬಹುದು. ಇಲಿ ಪಾಷಾಣವನ್ನಂತೂ ಇಡಲೇಬೇಡಿ. ಪಾಷಾಣ ತಿಂದು ತೂರಾಡುವ ಇಲಿ ಮೊದಲು ಸಿಗುವುದು ಗೂಬೆಗೆ.

ಒಣಗಿದ ಕೊಂಬೆ ಮನೆ ಮೇಲೆ ಬೀಳುವಂತಿಲ್ಲದಿದ್ದರೆ ಅದನ್ನೂ ಬಿಡಿ. ಕುಟ್ರು, ಮರಕುಟಿಗ ಪೊಟರೆ ಕೊರೆಯುವುದು ಅದರಲ್ಲೇ.

ಜೇಡರ ಬಲೆಯ ಲೆಕ್ಕ

ಟುವ್ವಿ ಹಕ್ಕಿ ಅಗಲ ಎಲೆಯೊಂದನ್ನು ಹಿಡಿದು ಅಂಚಿನುದ್ದಕ್ಕೂ ಕೊಕ್ಕಿನಿಂದ ತೂತು ಹಾಕುತ್ತದೆ. ತೂತಿನಲ್ಲಿ ಜೇಡರ ನೂಲು, ಹತ್ತಿಯ ಎಳೆ ತೂರಿಸಿ ಆಚೆ ಬದಿ ಎಳೆದಾಗ ಎಳೆಯ ತುದಿ ಉಬ್ಬಿ ಪುಟ್ಟ ಗಂಟಿನಂತೆ ತೂತಿಗೆ ಸಿಕ್ಕಿಕೊಳ್ಳುತ್ತದೆ. ಎಲೆ ಸುರುಳಿಯಾಗಿ ಚೀಲವಾಗುತ್ತದೆ, ಒಳಗೆ ಹತ್ತಿಯ ಮೆತ್ತೆ. ಸೂರಕ್ಕಿಯ ತೂಗುಗೂಡನ್ನು ಹಿಡಿದಿಡುವ ಅಂಟೂ ಜೇಡರ ಬಲೆಯೇ. ಮನೆಯೊಳಗಿನ ಬಲೆ ತೆಗೆಯಿರಿ, ಕಾಂಪೌಂಡು ಗೋಡೆ ಮತ್ತು ಗಿಡಗಳ ಮೇಲಿನದಕ್ಕೆ ಪೊರಕೆ ತಾಗಿಸಬೇಡಿ.

ಸೂರಕ್ಕಿಗೆ ಬಟ್ಟೆ ಒಣಹಾಕುವ ತಂತಿ, ಪೋರ್ಟಿಕೋದ ಬಲ್ಬಿನ ವೈರು ಎಂದರೆ ಅಚ್ಚುಮೆಚ್ಚು. ಕಟ್ಟಿಬಿಟ್ಟರೆ ಮೊಟ್ಟೆ ಇಟ್ಟ ದಿನದಿಂದ ಮರಿ ಹಾರುವವರೆಗೆ ಸುಮಾರು ಒಂದು ತಿಂಗಳು. ಅಷ್ಟು ದಿನ ಬಟ್ಟೆಗೆ ಬೇರೆ ಹಗ್ಗ ಕಟ್ಟಿ. ಪಿಕಳಾರ ಮಲ್ಲಿಗೆ ಬಳ್ಳಿಯಲ್ಲಿ, ಕ್ರೋಟನ್ ಕುಂಡದಲ್ಲಿ ಕೈಗೆಟುಕುವ ಎತ್ತರದಲ್ಲೇ ಗೂಡು ಮಾಡುತ್ತದೆ. ಎಲೆ ಸರಿಸಿ ಮೊಬೈಲು ತೂರಿಸುವ ಮನೆಯಲ್ಲಿ ಆ ಮರಿಗಳು ಉಳಿಯುವುದು ಅಪರೂಪ. ನೀವು ಬಿಟ್ಟುಹೋದ ಕಿಂಡಿಯಿಂದ ಕಾಗೆ, ಕೆಂಬೂತ ಒಳಗೆ ನೋಡುತ್ತವೆ.

ಗುಬ್ಬಿಗೆ ಮರದ ಪೆಟ್ಟಿಗೆ

ಮೊದಲು ಸುತ್ತ ಇನ್ನೂರು ಮುನ್ನೂರು ಅಡಿಯೊಳಗೆ ಗುಬ್ಬಿ ಇದೆಯೇ ನೋಡಿ. ಹಳೇ ಪೇಟೆ, ದಿನಸಿ ಅಂಗಡಿ ಸಾಲು, ಹಳ್ಳಿಗೆ ತಾಗಿದ ಬಡಾವಣೆಗಳಲ್ಲಿ ಇರುತ್ತವೆ. ಗುಬ್ಬಿಯೇ ಇಲ್ಲದ ಕಡೆ ಪೆಟ್ಟಿಗೆ ಹಾಕಿದರೆ ಹಲ್ಲಿ ಸೇರಿಕೊಳ್ಳುತ್ತದೆ.

ಅಳತೆ ಹೀಗಿರಲಿ: ತಳ 6x6 ಇಂಚು, ಎತ್ತರ 8 ಇಂಚು, ಹಲಗೆ ಅರ್ಧ ಇಂಚು ದಪ್ಪ. ಬಾಗಿಲಿನ ತೂತು ಒಂದೂಕಾಲು ಇಂಚು, ಹೆಚ್ಚೆಂದರೆ ಒಂದೂವರೆ, ತಳದಿಂದ 5 ಇಂಚು ಮೇಲೆ. ಎರಡು ಇಂಚು ಕೊರೆದಿರೋ, ಗೊರವಂಕ ಬಂದು ಗುಬ್ಬಿಯನ್ನು ಓಡಿಸಿ ತಾನು ಕೂರುತ್ತದೆ. ತೂತಿನ ಕೆಳಗೆ ಕೂರಲು ಕಡ್ಡಿ ಹೊಡೆಯಬೇಡಿ, ಗುಬ್ಬಿಗೆ ಅದು ಬೇಡ, ಕಾಗೆಗೆ ಅನುಕೂಲ. ತಳದ ನಾಲ್ಕು ಮೂಲೆಗೆ ಕಾಲು ಇಂಚಿನ ತೂತು, ಚಾವಣಿಯ ಕೆಳಗೆ ಗಾಳಿಗೆ ಎರಡು ತೂತು. ಚಾವಣಿಗೆ ಕೀಲು ಹಾಕಿಸಿ, ತೊಳೆಯಲು ಬೇಕಾಗುತ್ತದೆ. ಒಳಗೆ ಬಣ್ಣ, ವಾರ್ನಿಷ್ ಏನೂ ಬೇಡ. ಚಪ್ಪಲಿ ಡಬ್ಬಿ ಒಂದೇ ಮಳೆಗೆ ಮುಗಿಯಿತು, ತಗಡಿನ ಡಬ್ಬಿಯಲ್ಲಿ ಮರಿ ಬೆಂದುಹೋಗುತ್ತದೆ.

ಎಂಟರಿಂದ ಹತ್ತಡಿ ಎತ್ತರದಲ್ಲಿ, ಸಜ್ಜಾ ಕೆಳಗೆ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಹಾಕಿ. ಪಶ್ಚಿಮಕ್ಕೆ ತಿರುಗಿಸಿದರೆ ಸಂಜೆ ಬಿಸಿಲೂ ಮುಂಗಾರಿನ ಎರಚಲೂ ಎರಡೂ ಒಳಗೆ. ಗುಬ್ಬಿ ಗುಂಪಿನಲ್ಲಿ ಬಾಳುವ ಜೀವ, ಒಂದರ ಬದಲು ಮೂರು ನಾಲ್ಕಡಿ ಅಂತರದಲ್ಲಿ ಎರಡು ಮೂರು ಪೆಟ್ಟಿಗೆ ಇರಲಿ. ಪಕ್ಕದಲ್ಲಿ ಎರಡಡಿ ಚದರದಷ್ಟು ಒಣ ಪುಡಿಮಣ್ಣಿನ ಜಾಗ ಬಿಟ್ಟರೆ ಮಣ್ಣಿನ ಸ್ನಾನಕ್ಕೂ ಆಯಿತು. ಸೀಲಿಂಗ್ ಫ್ಯಾನ್ ತಿರುಗುವ ವೆರಾಂಡದಲ್ಲಿ ಮಾತ್ರ ಹಾಕಬೇಡಿ. ಮರಿ ಹಾರಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೆ ಹುಲ್ಲು ತೆಗೆದು, ಪೆಟ್ಟಿಗೆಯನ್ನು ಬಿಸಿಲಿಗಿಡಿ.

ಕಾಳು ಹಾಕುವುದಾದರೆ

ಭತ್ತದ ತೆನೆ ತೂಗುಹಾಕುವಷ್ಟು ಸೊಗಸಾದ ಉಪಾಯ ಇನ್ನೊಂದಿಲ್ಲ. ಮಂಡ್ಯ ಕಡೆ ಕಟಾವಿನ ಹೊತ್ತಿಗೆ ಎಲ್ಲರ ಮನೆಗೂ ಸಿಗುತ್ತದೆ. 15–20 ತೆನೆ ಸೇರಿಸಿ ಕಟ್ಟಿ ಸಜ್ಜಾದಿಂದ ತಲೆಕೆಳಗಾಗಿ ಇಳಿಬಿಡಿ. ಗುಬ್ಬಿ, ರಾಟವಾಳ (ಮುನಿಯ) ತೆನೆಗೇ ಜೋತುಬಿದ್ದು ತಿನ್ನುತ್ತವೆ, ಭಾರದ ಪಾರಿವಾಳಕ್ಕೆ ಅದು ಸಾಧ್ಯವಿಲ್ಲ. ಔಷಧಿ ಲೇಪಿಸಿದ ಬಿತ್ತನೆ ಭತ್ತವನ್ನು ಯಾವ ಕಾರಣಕ್ಕೂ ಬಳಸಬೇಡಿ, ಬಣ್ಣ ನೋಡಿದರೇ ಗೊತ್ತಾಗುತ್ತದೆ.

ತೆನೆ ಸಿಗದಿದ್ದರೆ ನವಣೆ, ರಾಗಿ, ಅಕ್ಕಿ ನುಚ್ಚು: ಬೆಳಿಗ್ಗೆ ಒಂದು ಹಿಡಿ ಮಾತ್ರ, ಒಂದೂವರೆ ಇಂಚು ಕಣ್ಣಿನ ತಂತಿಬಲೆಯ ಗೂಡೆಯೊಳಗಿಟ್ಟು. ಸಂಜೆಗೆ ಉಳಿದದ್ದನ್ನು ಗುಡಿಸಿಬಿಡಿ, ಇಲ್ಲದಿದ್ದರೆ ರಾತ್ರಿ ಹೆಗ್ಗಣ. ಉಪ್ಪು ಹಾಕಿದ ಮಿಕ್ಸ್ಚರ್, ಬ್ರೆಡ್ಡು, ಬಿಸ್ಕತ್ತು, ಹಾಲು ಬೇಡ. ಮೈಗರಿ ಉಬ್ಬಿಸಿಕೊಂಡು ಮಂಕಾಗಿ ಕೂತ ಹಕ್ಕಿ ಕಂಡರೆ ಎರಡು ವಾರ ಕಾಳು ನಿಲ್ಲಿಸಿ. ಒಂದೇ ತಟ್ಟೆಯಲ್ಲಿ ತಿಂದು ರೋಗ ಹರಡುತ್ತದೆ.

ಗಾಜು, ದಾರ, ಬಿದ್ದ ಮರಿ

ಕಿಟಕಿ ಗಾಜಿನಲ್ಲಿ ಮರ ಕಂಡು ಹಕ್ಕಿ ಬಂದು ಬಡಿಯುತ್ತದೆ. ಒಂದು ಸ್ಟಿಕ್ಕರ್ ಅಂಟಿಸಿ ಪ್ರಯೋಜನವಿಲ್ಲ. ಗಾಜಿನ ಹೊರಮೈ ತುಂಬ ಎರಡೆರಡು ಇಂಚಿಗೊಂದು ಚುಕ್ಕೆ ಇರಬೇಕು, ಅಥವಾ ಹೊರಗಡೆ ಸೊಳ್ಳೆ ಪರದೆ ಹಾಕಿಸಿ. ಕಾರಿನ ಕನ್ನಡಿ ಕುಕ್ಕುವ ಮಡಿವಾಳಕ್ಕೆ ಕಾಣುವುದು ಎದುರಾಳಿ ಗಂಡು. ಕನ್ನಡಿಗೆ ಹಳೆ ಕಾಲುಚೀಲ ತೊಡಿಸಿದರೆ ಜಗಳ ಮುಗಿಯಿತು. ಆಷಾಢದ ಗಾಳಿಪಟ ಮುಗಿದ ಮೇಲೆ ಮರಕ್ಕೆ ಸಿಕ್ಕಿದ ದಾರವನ್ನೆಲ್ಲ ದೋಟಿಯಿಂದ ಬಿಡಿಸಿ ತೆಗೆಯಿರಿ, ನೈಲಾನಿನದಾದರೆ ವರ್ಷಗಟ್ಟಲೆ ಅಲ್ಲೇ ಉರುಳಾಗಿ ಉಳಿಯುತ್ತದೆ.

ನೆಲದಲ್ಲಿ ಮರಿ ಸಿಕ್ಕಿದಾಗ ಮೊದಲು ಗರಿ ನೋಡಿ. ಮೈತುಂಬ ಗರಿ, ಮೋಟು ಬಾಲ, ಕುಪ್ಪಳಿಸುತ್ತಿದೆ ಎಂದರೆ ಅದು ಹಾರಲು ಕಲಿಯುತ್ತಿದೆ. ಹತ್ತಿರದ ಕೊಂಬೆಯ ಮೇಲೆ ಕೂರಿಸಿ, ನಾಯಿ ಬೆಕ್ಕನ್ನು ಒಳಗೆ ಕಟ್ಟಿ ದೂರ ಸರಿಯಿರಿ, ತಾಯಿ ತಂದೆ ಬಂದು ಉಣಿಸುತ್ತವೆ. ಗರಿಯಿಲ್ಲದ ಮರಿಯಾದರೆ ಗೂಡಿಗೇ ಮರಳಿ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಗೂಡೇ ಹರಿದಿದ್ದರೆ ತೂತುಗಳಿರುವ ಚಿಕ್ಕ ಬುಟ್ಟಿಗೆ ತೆಂಗಿನ ನಾರು ಹಾಸಿ ಅದೇ ಕೊಂಬೆಗೆ ಕಟ್ಟಿ. ಬಾಯಿಗೆ ನೀರು ಬಿಡಬೇಡಿ, ಶ್ವಾಸಕ್ಕೆ ಹೋಗಿ ಸಾಯುತ್ತದೆ. ಸಾಕುವ ಯೋಚನೆಯೂ ಬೇಡ. ಗಿಣಿಯಾಗಲಿ ರಾಟವಾಳವಾಗಲಿ, ನಮ್ಮ ಕಾಡುಹಕ್ಕಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ರೆಕ್ಕೆ ಮುರಿದ, ರಕ್ತ ಬರುತ್ತಿರುವ ಅಥವಾ ಬೆಕ್ಕು ಕಚ್ಚಿದ ಹಕ್ಕಿಗೆ ಮನೆಮದ್ದಿಲ್ಲ. ಬೆಕ್ಕಿನ ಹಲ್ಲು ಚುಚ್ಚಿದ ಗಾಯ ಹೊರಗೆ ಕಾಣದಿದ್ದರೂ ನಂಜೇರುತ್ತದೆ. ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಹಳೆ ಬನಿಯನ್ ಹಾಸಿ, ಹಕ್ಕಿಯನ್ನಿಟ್ಟು ಮುಚ್ಚಿ, ಕತ್ತಲೆ ಕೋಣೆಯಲ್ಲಿಡಿ. ಆಮೇಲೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಮಕ್ಕಳಿಗೆ ತೋರಿಸಲೆಂದೂ ಮುಚ್ಚಳ ತೆಗೆಯಬೇಡಿ.